ಬೆಳ್ಳಿಹಬ್ಬದ ವಾರಾಂತ್ಯಕ್ಕೆ ದೆಹಲಿಯ ಇಂಪೀರಿಯಲ್ ಹೋಟೆಲ್

ಮದುವೆಯ ಇಪ್ಪತ್ತೈದನೇ ವರ್ಷದ ದಿನವನ್ನು ದೆಹಲಿಯಲ್ಲೇ ಕಳೆಯಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಎರಡು ಮಾತಿರಲಿಲ್ಲ. 2000ದ ಫೆಬ್ರವರಿಯಲ್ಲಿ ಮದುವೆಯಾಗಿ, ನಮ್ಮ ಮನೆಯವರ ಕೇಂದ್ರ ಸರಕಾರದ ನೌಕರಿಯ ದೆಸೆಯಿಂದ ಮೊದಲ ನಾಲ್ಕು ವರ್ಷ ಸಂಸಾರ ಹೂಡಿದ್ದು ಆರ್.ಕೆ. ಪುರಂನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಕನ್ನಡದ ಮಾತು ಕಿವಿಗೆ ಬೀಳಬೇಕೆನಿಸಿದರೆ ಅಲ್ಲೇ ಹತ್ತಿರದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗುತ್ತಿದ್ದೆವು. ತಿಂಗಳ ಮೊದಲ ಭಾನುವಾರ ಮಾತ್ರ ಬಸ್ಸು ಹಿಡಿದು ಜನಪಥಕ್ಕೆ ಹೋಗಿ, ಟಿಬೆಟಿಯನ್ನರ ಅಂಗಡಿ ಸಾಲಿನಲ್ಲಿ ಸ್ವೆಟರು, ಹೊದಿಕೆ ನೋಡುತ್ತ ನಡೆಯುತ್ತಿದ್ದೆವು. ಆ ಅಂಗಡಿಗಳ ಪಕ್ಕದಲ್ಲೇ ಒಂದು ದೊಡ್ಡ ಗೇಟು, ಅದರಾಚೆ ಎತ್ತರದ ತಾಳೆ ಜಾತಿಯ ಮರಗಳ ಸಾಲು, ಅದರ ಕೊನೆಯಲ್ಲಿ ಬಿಳಿಯ ಕಟ್ಟಡ, ಅದೇ ಇಂಪೀರಿಯಲ್ ಹೋಟೆಲು. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾವು ಆ ಗೇಟು ದಾಟಿರಲಿಲ್ಲ. ಹಾಗೆಂದು ಬರಿಯ ಹಳೆಯ ಆಸೆಯ ಮೇಲೆ ಈ ಹೋಟೆಲನ್ನು ಆರಿಸಿಕೊಂಡೆವು ಎಂದಲ್ಲ. ಎರಡು ತಿಂಗಳು ಕೂತು ನೋಡಿ, ಕೇಳಿ, ತೂಗಿಯೇ ಆರಿಸಿದ್ದು. ದೆಹಲಿಯಲ್ಲಿ ಇಂಥದೇ ಎರಡು ರಾತ್ರಿ ಕಳೆಯಬೇಕೆಂದಿರುವವರಿಗೆ ಉಪಯೋಗವಾದೀತೆಂದು ಆ ಲೆಕ್ಕಾಚಾರವನ್ನೂ ಅನುಭವವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಂಟೆಗಳ ಲೆಕ್ಕ ಹಾಕಬೇಕು. ಶುಕ್ರವಾರ ಮಧ್ಯಾಹ್ನ ಬೆಂಗಳೂರಿನಿಂದ ವಿಮಾನ ಹತ್ತಿದರೆ ಕೋಣೆಯ ಬಾಗಿಲು ತೆರೆಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಭಾನುವಾರ ಸಂಜೆ ಮತ್ತೆ ವಿಮಾನ ನಿಲ್ದಾಣದಲ್ಲಿರಬೇಕು. ಕೈಗೆ ಸಿಗುವುದು ಎರಡು ಹಗಲು ಮಾತ್ರ, ಅದರಲ್ಲೂ ಊರು ಸುತ್ತುವ ಹುಮ್ಮಸ್ಸಿರುವುದು ಐದಾರು ಗಂಟೆ. ಉಳಿದ ಹೊತ್ತೆಲ್ಲ ಹೋಟೆಲಿನ ಒಳಗೇ ಕಳೆಯುತ್ತದೆ. ಪ್ರವಾಸಕ್ಕೆ ಹೋದಾಗ ರಾತ್ರಿ ಮಲಗಲು ಒಂದು ಚೊಕ್ಕ ಕೋಣೆ ಸಿಕ್ಕರೆ ಸಾಕು ಎನ್ನುವ ನಮ್ಮ ವಾಡಿಕೆಯ ಮಾತು ಇಂಥ ವಾರಾಂತ್ಯಕ್ಕೆ ಸಲ್ಲುವುದಿಲ್ಲ. ಕೋಣೆಯ ಹೊರಗೆ, ಹೋಟೆಲಿನ ಆವರಣದ ಒಳಗೆ, ಗಂಡ ಹೆಂಡತಿ ಇಬ್ಬರೇ ಯಾರ ಅವಸರವೂ ಇಲ್ಲದೆ ಎರಡು ಗಂಟೆ ಕೂತು ಮಾತಾಡುವ ಜಾಗವಿದೆಯೇ ಎಂಬುದನ್ನೇ ನಾವು ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡೆವು. ಹಾಸಿಗೆಯ ಮೇಲೆ ಗುಲಾಬಿ ಎಸಳು, ಕೇಕು, ಶುಭಾಶಯದ ಚೀಟಿ, ಇವನ್ನೆಲ್ಲ ವಾರ್ಷಿಕೋತ್ಸವವೆಂದು ತಿಳಿಸಿದರೆ ಸಾಧಾರಣ ಹೋಟೆಲುಗಳೂ ಮಾಡಿಕೊಡುತ್ತವೆ. ಅದನ್ನು ನೋಡಿ ಹೋಟೆಲು ಆರಿಸಬಾರದು.

ಈ ಪಾಠ ನಮಗೆ ತಿಳಿದದ್ದು 2010ರಲ್ಲಿ. ಹತ್ತನೇ ವಾರ್ಷಿಕೋತ್ಸವಕ್ಕೆ ದೆಹಲಿಗೆ ಹೋಗಿದ್ದಾಗ ಕರೋಲ್ ಬಾಗ್ ಕಡೆಯ ಒಂದು ಹೋಟೆಲನ್ನು ಚಿತ್ರಗಳನ್ನು ನೋಡಿಯೇ ಕಾದಿರಿಸಿದ್ದೆವು. ಕೋಣೆ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಕಿಟಕಿಯ ನೇರ ಕೆಳಗೆ ಮದುವೆಯ ಹಾಲ್ ಇತ್ತೆಂಬುದನ್ನು ಯಾರೂ ಹೇಳಿರಲಿಲ್ಲ. ರಾತ್ರಿ ಹತ್ತಕ್ಕೆ ಬ್ಯಾಂಡಿನವರೊಂದಿಗೆ ದಿಬ್ಬಣ ಬಂತು, ಆಮೇಲೆ ಶುರುವಾದ ಡಿಜೆ ಎರಡು ಗಂಟೆಯವರೆಗೂ ನಿಲ್ಲಲಿಲ್ಲ. ಮೇಜಿನ ಮೇಲಿನ ನೀರಿನ ಲೋಟ ಒಂದೊಂದು ಪೆಟ್ಟಿಗೂ ನಡುಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಕೋಣೆ ಬದಲಿಸಿ ಎಂದರೆ ಖಾಲಿಯಿಲ್ಲ ಎಂದರು. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಆ ವರ್ಷ ಕನಾಟ್ ಪ್ಲೇಸನ್ನೆಲ್ಲ ಅಗೆದುಹಾಕಿದ್ದರಿಂದ ಹೊರಗೆ ನಡೆದಾಡಲೂ ಜಾಗವಿರಲಿಲ್ಲ.

ಈ ಸಲ ಪಟ್ಟಿಯಲ್ಲಿ ಹಲವು ಹೆಸರುಗಳಿದ್ದವು. ವಿಮಾನ ನಿಲ್ದಾಣದ ಪಕ್ಕದ ಏರೋಸಿಟಿಯ ಹೊಸ ಹೋಟೆಲುಗಳು ದರದಲ್ಲೂ ಸೌಕರ್ಯದಲ್ಲೂ ಆಕರ್ಷಕವಾಗಿದ್ದರೂ, ಅಲ್ಲಿ ಉಳಿದರೆ ದೆಹಲಿಯಲ್ಲಿದ್ದೇವೆ ಎಂಬ ಭಾವನೆಯೇ ಬರುವುದಿಲ್ಲವೆಂದು ಬಿಟ್ಟೆವು. ಚಾಣಕ್ಯಪುರಿಯ ಅಶೋಕ ಹೋಟೆಲಿನ ಮೇಲೆ ನನಗೆ ಬಹಳ ಗೌರವವಿದೆ; 1956ರಲ್ಲಿ ಯುನೆಸ್ಕೋ ಮಹಾಸಮ್ಮೇಳನಕ್ಕೆ ಬರುವ ಅತಿಥಿಗಳಿಗಾಗಿ ಸ್ವತಂತ್ರ ಭಾರತ ಕಟ್ಟಿಸಿದ ಕಟ್ಟಡ ಅದು. ಆದರೆ ಅದರ ಹರವು ದೊಡ್ಡದು, ಸಮ್ಮೇಳನಗಳ ಗದ್ದಲವೂ ಸಹಜ. ಸರ್ದಾರ್ ಪಟೇಲ್ ಮಾರ್ಗದ ಮೌರ್ಯ ಊಟಕ್ಕೆ ಹೆಸರಾದದ್ದಾದರೂ ಅದರೊಳಗಿನ ಬುಖಾರಾ ಎಂಬ ಉಪಾಹಾರ ಗೃಹದ ಖ್ಯಾತಿ ಹೆಚ್ಚಾಗಿ ಮಾಂಸಾಹಾರಕ್ಕೆ ಸೇರಿದ್ದು, ಸಸ್ಯಾಹಾರಿಗಳಾದ ನಮಗೆ ಅಲ್ಲಿನ ಪ್ರಸಿದ್ಧ ದಾಲ್ ಒಂದಕ್ಕಾಗಿ ಎರಡು ರಾತ್ರಿ ಉಳಿಯುವ ಅಗತ್ಯ ಕಾಣಲಿಲ್ಲ. 1965ರಲ್ಲಿ ಆರಂಭವಾಗಿ, ಪೂರ್ತಿ ನವೀಕರಣಗೊಂಡು 2018ರಲ್ಲಿ ಮತ್ತೆ ತೆರೆದ ಒಬೆರಾಯ್ ಕೊನೆಯವರೆಗೂ ಪಟ್ಟಿಯಲ್ಲಿತ್ತು. ಒಂದು ಬದಿಗೆ ಗಾಲ್ಫ್ ಮೈದಾನ, ಇನ್ನೊಂದು ಬದಿಗೆ ಹುಮಾಯೂನನ ಸಮಾಧಿಯ ಗುಮ್ಮಟ. ಒಳಗಿನ ಗಾಳಿಯನ್ನು ಶುದ್ಧೀಕರಿಸುವ ವ್ಯವಸ್ಥೆಗೆ ಅವರು ಕೊಟ್ಟಿರುವ ಮಹತ್ವವೂ ದೆಹಲಿಯ ಚಳಿಗಾಲದಲ್ಲಿ ಸಣ್ಣ ವಿಷಯವಲ್ಲ. ಉಬ್ಬಸ, ಕೆಮ್ಮಿನ ತೊಂದರೆ ಇರುವವರು ನವೆಂಬರಿನಿಂದ ಜನವರಿಯ ನಡುವೆ ಹೋಗುವುದಾದರೆ ಮೊದಲು ಅದನ್ನೇ ವಿಚಾರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಾವು ಹೊರಟಿದ್ದು ಫೆಬ್ರವರಿಯಲ್ಲಿ. ನಮಗೆ ಬೇಕಾಗಿದ್ದದ್ದು ಗೇಟಿನಿಂದ ಕಾಲ್ನಡಿಗೆಯಲ್ಲಿ ಹೊರಟು ನಮ್ಮ ಹಳೆಯ ದೆಹಲಿಯನ್ನು ಮುಟ್ಟುವ ಜಾಗ. ಹಾಗಾಗಿ ಜನಪಥವೇ ಉಳಿಯಿತು.

ಆಮೇಲೂ ಹಣ ಕಟ್ಟುವ ಮೊದಲು ಹೋಟೆಲಿಗೆ ನೇರವಾಗಿ ಫೋನ್ ಮಾಡಿದೆವು. ಉತ್ತರ ಭಾರತದಲ್ಲಿ ಅದು ಮದುವೆಯ ಕಾಲ. ದೊಡ್ಡ ಹೋಟೆಲುಗಳ ಹುಲ್ಲುಹಾಸುಗಳಲ್ಲಿ ಆರತಕ್ಷತೆಗಳು ನಡೆಯುತ್ತಲೇ ಇರುತ್ತವೆ. ಆ ಎರಡು ದಿನ ಯಾವುದಾದರೂ ಸಮಾರಂಭವಿದೆಯೇ, ಇದ್ದರೆ ಎಷ್ಟು ಗಂಟೆಯವರೆಗೆ, ನಮಗೆ ಕೊಡುವ ಕೋಣೆ ಯಾವ ಬದಿಗಿದೆ, ಹಾಸಿಗೆ ಒಂದೇ ದೊಡ್ಡದೋ ಜೋಡಿಸಿದ ಎರಡೋ ಎಂದು ಒಂದೊಂದಾಗಿ ಕೇಳಿದೆವು. ಆ ಕಡೆಯವರು ಬೇಸರಿಸದೆ, ವಿಚಾರಿಸಿ ಅರ್ಧ ಗಂಟೆಯಲ್ಲಿ ತಾವೇ ಮರಳಿ ಕರೆ ಮಾಡಿ ಉತ್ತರ ಕೊಟ್ಟರು. ಹೋಟೆಲಿನ ಗುಣ ಅರ್ಧ ತಿಳಿಯುವುದು ಆ ಕರೆಯಲ್ಲೇ ಎಂದು ನಾನು ನಂಬುತ್ತೇನೆ.

ಇಂಪೀರಿಯಲ್ ಹೋಟೆಲು ತೆರೆದದ್ದು 1936ರಲ್ಲಿ, ಹೊಸ ದೆಹಲಿ ರಾಜಧಾನಿಯಾಗಿ ಉದ್ಘಾಟನೆಯಾದ ಐದು ವರ್ಷದ ನಂತರ. ಆಗ ಈ ರಸ್ತೆಯ ಹೆಸರು ಕ್ವೀನ್ಸ್‌ವೇ. ಸ್ವಾತಂತ್ರ್ಯ ಬಂದ ಮೇಲೆ ಅದು ಜನಪಥವಾಯಿತು. 1947ರ ಜೂನ್‌ನಲ್ಲಿ ಮುಸ್ಲಿಂ ಲೀಗಿನ ಕೌನ್ಸಿಲ್ ಸಭೆ ಸೇರಿ ದೇಶವಿಭಜನೆಯ ಯೋಜನೆಯನ್ನು ಒಪ್ಪಿಕೊಂಡದ್ದು ಇದೇ ಹೋಟೆಲಿನಲ್ಲಿ. ಅಷ್ಟು ದೊಡ್ಡ ನಿರ್ಧಾರ ನಡೆದ ಕಟ್ಟಡದಲ್ಲಿ ಇಂದು ನಾವು ಬೆಳಗಿನ ಚಹಾ ಕುಡಿಯುತ್ತಿದ್ದೇವೆ ಎಂಬ ಯೋಚನೆ ಬಂದಾಗ ಒಂದು ಕ್ಷಣ ಇಬ್ಬರೂ ಸುಮ್ಮನಾದೆವು.

ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾವಣಿ ಎತ್ತರ, ಹಾಸು ಸ್ವಚ್ಛ, ಬಾಗಿಲು ಮುಚ್ಚಿದರೆ ಜನಪಥದ ಹಾರ್ನುಗಳು ಕೇಳುವುದಿಲ್ಲ. ಹೇಳಬೇಕಾದದ್ದು ಕೋಣೆಯ ಹೊರಗಿನ ಪಡಸಾಲೆಗಳ ಬಗ್ಗೆ. ಗೋಡೆಯುದ್ದಕ್ಕೂ ಹದಿನೆಂಟು ಹತ್ತೊಂಬತ್ತನೇ ಶತಮಾನದ ಮುದ್ರಿತ ಚಿತ್ರಗಳನ್ನು ಕಟ್ಟು ಹಾಕಿ ತೂಗುಹಾಕಿದ್ದಾರೆ, ಅವುಗಳಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಬರೆದವೂ ಇವೆ. ಆ ಇಬ್ಬರೂ ಗಂಗೆಯ ಬಯಲಿನಿಂದ ಹಿಮಾಲಯದವರೆಗೆ ಅಲೆದು, 1792–93ರಲ್ಲಿ ದಕ್ಷಿಣವನ್ನೂ ಸುತ್ತಿ, ಇಂಗ್ಲೆಂಡಿಗೆ ಮರಳಿದ ಮೇಲೆ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು ಅಚ್ಚು ತೆಗೆದು, ಕೈಯಿಂದ ಬಣ್ಣ ತುಂಬಿಸಿದ ಚಿತ್ರಗಳಿವು. ಶನಿವಾರ ಮುಂಜಾನೆ ಇನ್ನೂ ಯಾರೂ ಏಳದ ಹೊತ್ತಿನಲ್ಲಿ ನಾವಿಬ್ಬರೂ ಒಂದು ಪಡಸಾಲೆಯ ತುದಿಯಿಂದ ಇನ್ನೊಂದರ ತುದಿಯವರೆಗೆ ಒಂದೊಂದು ಚಿತ್ರದ ಮುಂದೆಯೂ ನಿಂತು ನಡೆದೆವು. ಹತ್ತಿರದಿಂದ ನೋಡಿದರೆ ಆಕಾಶದ ತೆಳು ನೀಲಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು, ಮರಳು ಉದುರಿಸಿದಂತೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೆ ಮಂಜು ಕವಿದ ಆಕಾಶವಾಗುತ್ತದೆ. ಕನ್ನಡಕ ಮೇಲೆತ್ತಿ, ಮೂಗು ಗಾಜಿಗೆ ತಾಗುವಷ್ಟು ಬಾಗಿ ನಮ್ಮ ಮನೆಯವರು ಅದನ್ನು ನನಗೆ ತೋರಿಸಿದರು. ಆ ಒಂದು ಗಂಟೆಗೆ ನಾವು ಬೇರೆ ಯಾವುದೇ ಶುಲ್ಕ ಕೊಡಬೇಕಾಗಿರಲಿಲ್ಲ, ಆದರೆ ಇಡೀ ವಾರಾಂತ್ಯದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಅದೇ.

ಬೆಳಗಿನ ತಿಂಡಿ 1911 ಎಂಬ ಹೆಸರಿನ ಉಪಾಹಾರ ಗೃಹದಲ್ಲಿ. ರಾಜಧಾನಿಯನ್ನು ಕೋಲ್ಕತ್ತದಿಂದ ದೆಹಲಿಗೆ ವರ್ಗಾಯಿಸುವುದಾಗಿ ದರ್ಬಾರಿನಲ್ಲಿ ಘೋಷಿಸಿದ ವರ್ಷವದು. ಹುಲ್ಲುಹಾಸಿಗೆ ಮುಖ ಮಾಡಿದ ಮೇಜು ಕೇಳಿ ಪಡೆದುಕೊಳ್ಳಿ. ಫೆಬ್ರವರಿಯ ಎಳೆ ಬಿಸಿಲಿನಲ್ಲಿ ಅಲ್ಲಿ ಹತ್ತೂವರೆಯವರೆಗೂ ಕೂತಿದ್ದೆವು. ಯಾರೂ ಬಿಲ್ಲು ತಂದಿಟ್ಟು ಎಬ್ಬಿಸಲಿಲ್ಲ. ಸಂಜೆಯ ಚಹಾಕ್ಕೆ ಗಾಜಿನ ಚಾವಣಿಯ ಏಟ್ರಿಯಂ ಇದೆ, ನಡುವೆ ಕಾರಂಜಿ. ನಾವು ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡಿದ್ದ ಆ ‘ಕೂತು ಮಾತಾಡುವ ಜಾಗ’ ಇಲ್ಲಿ ಒಂದಲ್ಲ, ಮೂರು ಸಿಕ್ಕವು.

ವಾರ್ಷಿಕೋತ್ಸವದ ರಾತ್ರಿಯ ಊಟವನ್ನು ಸ್ಪೈಸ್ ರೂಟ್‌ನಲ್ಲಿ ಇಟ್ಟುಕೊಂಡೆವು. ಕೇರಳದ ಕರಾವಳಿಯಿಂದ ಶ್ರೀಲಂಕಾ ದಾಟಿ ಥಾಯ್ಲೆಂಡ್, ವಿಯೆಟ್ನಾಮುಗಳವರೆಗೆ ಸಾಂಬಾರ ಪದಾರ್ಥಗಳು ಸಾಗಿದ ಹಾದಿಯ ಅಡುಗೆ ಇಲ್ಲಿಯದು. ರಾಜೀವ್ ಸೇಠಿ ವಿನ್ಯಾಸಗೊಳಿಸಿದ ಈ ಕೋಣೆಯ ಗೋಡೆ, ಕಂಬ, ಚಾವಣಿಗಳ ಮೇಲೆಲ್ಲ ಗುರುವಾಯೂರು ದೇವಸ್ಥಾನದ ಚಿತ್ರಕಾರರು ಸಸ್ಯದ ಬಣ್ಣಗಳಿಂದ ಚಿತ್ರ ಬರೆದಿದ್ದಾರೆ. ಎಲ್ಲ ಮುಗಿಯಲು ಏಳು ವರ್ಷ ಹಿಡಿಯಿತಂತೆ. ಸಸ್ಯಾಹಾರಿಗಳು ಮೇಜು ಕಾದಿರಿಸುವಾಗಲೇ ಮೀನಿನ ಸಾಸು, ಒಣ ಸೀಗಡಿ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಥಾಯ್ ಅಡುಗೆಯಲ್ಲಿ ತರಕಾರಿ ಎಂದು ಬರೆದ ಪದಾರ್ಥಕ್ಕೂ ಅವು ಸೇರುವುದುಂಟು. ನಾವು ಹೇಳಿದ್ದೆವು, ಬಡಿಸುವವರು ಒಂದೊಂದನ್ನೂ ತಂದಿಡುವಾಗ ಮತ್ತೆ ಖಚಿತಪಡಿಸಿದರು. ತೆಂಗಿನ ಹಾಲಿನಲ್ಲಿ ಬೆಂದ ತರಕಾರಿಯ ಪದಾರ್ಥದಲ್ಲಿ ಹಸಿಮೆಣಸು, ಕರಿಬೇವಿನ ಘಮ ನಮ್ಮ ಕರಾವಳಿಯ ಅಡುಗೆಮನೆಯನ್ನೇ ನೆನಪಿಸಿತು.

ಎಲ್ಲ ಹೊತ್ತಿನ ಊಟವನ್ನೂ ಹೋಟೆಲಿನಲ್ಲೇ ಮಾಡಬೇಕೆಂದೇನೂ ಇಲ್ಲ, ಮಾಡಲೂಬಾರದು. ಶನಿವಾರ ಮಧ್ಯಾಹ್ನ ನಾವು ಡಿಫೆನ್ಸ್ ಕಾಲೋನಿ ಮಾರುಕಟ್ಟೆಗೆ ಹೋಗಿ ದೋಸೆ ತಿಂದು ಬಂದೆವು. ಕಾರ್ಕಳದ ಜಯರಾಮ ಬನಾನ್ 1986ರಲ್ಲಿ ಅಲ್ಲಿ ಆರಂಭಿಸಿದ ಪುಟ್ಟ ಸಾಗರ್ ಹೋಟೆಲೇ ಮುಂದೆ ಸಾಗರ್ ರತ್ನವಾಗಿ ಉತ್ತರ ಭಾರತದ ತುಂಬ ಹಬ್ಬಿದ್ದು. ಹೊಸ ಸಂಸಾರದ ದಿನಗಳಲ್ಲಿ ನಮಗೆ ವಿಶೇಷದ ಊಟವೆಂದರೆ ಅದೇ ಆಗಿತ್ತು.

ಈ ಹೋಟೆಲಿನ ಬಹುದೊಡ್ಡ ಅನುಕೂಲ ಅದಿರುವ ಜಾಗ. ಜನಪಥದ ಮೆಟ್ರೊ ನಿಲ್ದಾಣ, ಕನಾಟ್ ಪ್ಲೇಸ್, ಸವಾಯಿ ಜೈಸಿಂಗನ ಜಂತರ್ ಮಂತರ್, ಬಂಗ್ಲಾ ಸಾಹಿಬ್ ಗುರುದ್ವಾರ ಎಲ್ಲವನ್ನೂ ನಡೆದೇ ತಲುಪಬಹುದು. ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ನಮ್ಮ ರಾಜ್ಯದ ಕಾವೇರಿ ಮಳಿಗೆಯಿದೆ; ಊರಿನ ನೆನಪು ಬಹಳವಾದಾಗ, ಕೊಳ್ಳಲು ಹಣವಿಲ್ಲದಿದ್ದರೂ, ಶ್ರೀಗಂಧದ ವಾಸನೆಗಾಗಿಯೇ ಆಗ ಅಲ್ಲಿಗೆ ಹೋಗುತ್ತಿದ್ದೆ. ಈ ಸಲ ಒಂದು ಸಣ್ಣ ಗಂಧದ ಗಣಪತಿಯನ್ನು ಕೊಂಡೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೋಗುವವರು ರಾಷ್ಟ್ರಪತಿ ಭವನದ ಅಮೃತ ಉದ್ಯಾನಕ್ಕೆ ಮುಂಚಿತವಾಗಿಯೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಿಕೊಳ್ಳಬೇಕು, ಪ್ರವೇಶ ಉಚಿತ, ಸೋಮವಾರ ರಜೆ. ಜನವರಿಯ ಕೊನೆಯ ಎರಡು ವಾರ ಮಾತ್ರ ಈ ಭಾಗದ ಹೋಟೆಲುಗಳಿಗೆ ಹೋಗದಿರುವುದು ಮೇಲು. ಗಣರಾಜ್ಯೋತ್ಸವದ ತಾಲೀಮಿಗಾಗಿ ಕರ್ತವ್ಯ ಪಥದ ಸುತ್ತಲಿನ ರಸ್ತೆಗಳು ಮುಚ್ಚುತ್ತವೆ, ಬೆಳಗಿನ ಮಂಜಿಗೆ ವಿಮಾನಗಳೂ ತಡವಾಗುತ್ತವೆ.

ಇನ್ನು ಹಣದ ಮಾತು. ನಾವು ಹೋದ ವಾರಾಂತ್ಯಕ್ಕೆ ಒಂದು ರಾತ್ರಿಯ ದರ ಇಪ್ಪತ್ತು ಸಾವಿರ ರೂಪಾಯಿ ದಾಟಿತ್ತು. 7,500 ರೂಪಾಯಿಗಿಂತ ಹೆಚ್ಚಿನ ಕೋಣೆಗೆ ಶೇಕಡ 18ರ ಜಿಎಸ್‌ಟಿ ಇರುವುದರಿಂದ ಇಪ್ಪತ್ತು ಸಾವಿರದ ಮೇಲೆ 3,600 ರೂಪಾಯಿ ತೆರಿಗೆಯೇ ಆಗುತ್ತದೆ. ಇಂಥ ಹೋಟೆಲಿನ ಊಟದ ಬಿಲ್ಲಿಗೂ ಅದೇ ದರ. ಜಾಲತಾಣಗಳಲ್ಲಿ ಮೊದಲು ಕಾಣುವ ಅಂಕಿ ತೆರಿಗೆ ಸೇರಿಸಿದ್ದೋ ಅಲ್ಲವೋ ನೋಡಿಕೊಳ್ಳಿ. ಇದು ಮಧ್ಯಮ ವರ್ಗದ ನಮ್ಮಂಥವರು ಪ್ರತಿವರ್ಷ ಮಾಡುವ ಖರ್ಚಲ್ಲ. ಕೆಲವು ವರ್ಷ ಸಣ್ಣ ಆರ್.ಡಿ. ಕಟ್ಟಿ ಕೂಡಿಟ್ಟ ಹಣ ಅದು. ಕೂಡಿಡಲು ಮನಸ್ಸಿಲ್ಲದವರಿಗೆ, ಎರಡು ರಾತ್ರಿಯ ಬದಲು ಒಂದೇ ರಾತ್ರಿ ಇಲ್ಲಿದ್ದು, ಇನ್ನೊಂದನ್ನು ಬೇರೆ ಕಡೆ ಕಳೆಯಿರಿ ಎಂದು ನಾನು ಹೇಳುವುದಿಲ್ಲ. ಸಾಮಾನು ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅದರ ಬದಲು ಸಾಧಾರಣ ಹೋಟೆಲಿನಲ್ಲಿ ಉಳಿದು, ಒಂದು ಸಂಜೆ ಏಟ್ರಿಯಂನ ಚಹಾಕ್ಕೋ ಸ್ಪೈಸ್ ರೂಟ್‌ನ ಊಟಕ್ಕೋ ಇಲ್ಲಿಗೆ ಬರಬಹುದು, ಕೋಣೆ ಪಡೆಯದವರಿಗೂ ಇವು ತೆರೆದಿವೆ. ಗುಂಡಿ ಒತ್ತಿದರೆ ಪರದೆ ಸರಿಯುವ, ಗಾಜಿನ ಸ್ನಾನಗೃಹದ ಹೊಸ ಮಾದರಿಯ ಕೋಣೆಯೇ ಬೇಕೆನ್ನುವವರಿಗೆ ನಾನು ಈ ಹೋಟೆಲನ್ನು ಸೂಚಿಸುವುದಿಲ್ಲ. ಹಳೆಯ ಮರದ ಸಾಮಾನು, ಉದ್ದನೆಯ ಪಡಸಾಲೆ, ನಿಧಾನವಾದ ಉಪಚಾರ ಇಷ್ಟಪಡುವವರಿಗೆ ಧೈರ್ಯವಾಗಿ ಹೇಳುತ್ತೇನೆ.

ಭಾನುವಾರ ಮಧ್ಯಾಹ್ನ ಕೋಣೆ ಬಿಟ್ಟುಕೊಟ್ಟ ಮೇಲೆ ಚೀಲಗಳನ್ನು ಅವರಲ್ಲೇ ಇರಿಸಿ, ಮರಗಳ ಸಾಲಿನ ನಡುವೆ ನಡೆದು ಗೇಟಿನಿಂದ ಹೊರಗೆ ಬಂದೆವು. ಎಡಬಲದ ಟಿಬೆಟಿಯನ್ನರ ಅಂಗಡಿಗಳು ತೆರೆದಿದ್ದವು. ಒಂದರಲ್ಲಿ ನಮ್ಮ ಮನೆಯವರಿಗೊಂದು ಬೂದುಬಣ್ಣದ ಸ್ವೆಟರು ಕೊಂಡು, ಚೀಲ ತೆಗೆದುಕೊಳ್ಳಲು ಮತ್ತೆ ಅದೇ ಗೇಟಿನೊಳಗೆ ಹೋದೆವು. ಅಲ್ಲಿಂದ ಶಿವಾಜಿ ಸ್ಟೇಡಿಯಂ ನಿಲ್ದಾಣಕ್ಕೆ ಆಟೊ, ಆಮೇಲೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊದಲ್ಲಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಮೂರನೇ ಟರ್ಮಿನಲ್.