ಹೊಟ್ಟೆ ಉಬ್ಬರಕ್ಕೆ ಹೆಲ್ತ್ ಕೋಚ್: ವರ್ಷ ದಾಟಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ: ಮೂರು ತಿಂಗಳ ಪ್ಯಾಕೇಜಿಗೆ ಕೊಟ್ಟ 12,000 ರೂಪಾಯಿ ನನಗೆ ದಕ್ಕಿದೆ. ಆದರೆ ಅವರು ಮಾರುವ ಎಲ್ಲವೂ ಆ ಬೆಲೆಗೆ ಯೋಗ್ಯವಲ್ಲ. ಯಾವುದು ಉಪಯೋಗಕ್ಕೆ ಬಂತು, ಯಾವುದನ್ನು ಬೇಡವೆಂದೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಮಧ್ಯಾಹ್ನದ ಊಟ ಆದಮೇಲೆ ಹೊಟ್ಟೆ ಡೊಳ್ಳಿನ ಹಾಗೆ ಬಿಗಿಯುವುದು, ಮಲಬದ್ಧತೆ, ರಾತ್ರಿ ಹುಳಿತೇಗು ಎಲ್ಲವೂ ಬಹಳ ವರ್ಷಗಳಿಂದ ಇದ್ದವು. ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಮಾಡಿಸಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂದರು. ಕರುಳಲ್ಲಿ ಹುಣ್ಣಿಲ್ಲ, ಗಂಟಿಲ್ಲ, ಆದರೆ ಅದರ ಕೆಲಸದ ಲಯ ತಪ್ಪಿದೆ ಎಂದು ವಿವರಿಸಿದರು. ಔಷಧಿ ಕೊಟ್ಟರು, ಆಹಾರ ನೋಡಿಕೊಳ್ಳಿ ಎಂದರು. ಆ ನೋಡಿಕೊಳ್ಳುವುದು ಹೇಗೆ ಅನ್ನುವುದಕ್ಕೇ ನನಗೆ ಕೋಚ್ ಬೇಕಾಯಿತು.

ಮೊದಲ ಫೋನಿನಲ್ಲೇ ಆಕೆಯ ಬಗ್ಗೆ ನಂಬಿಕೆ ಹುಟ್ಟಿತು. ಹಣದ ಮಾತಿಗೆ ಮುಂಚೆ ರಿಪೋರ್ಟ್ ಕೇಳಿದರು. ‘ಮೇಡಂ, ಮಲದಲ್ಲಿ ರಕ್ತ ಹೋಗುತ್ತಾ? ಸುಮ್ಮಸುಮ್ಮನೆ ತೂಕ ಇಳಿದಿದೆಯಾ? ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದೆಯಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ?’ ಎಂದು ಒಂದೊಂದಾಗಿ ವಿಚಾರಿಸಿದರು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಮತ್ತೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ ಎಂದರು. ಹೆಲ್ತ್ ಕೋಚ್ ಎಂದು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುವ ಕಾಲದಲ್ಲಿ ಈ ಪ್ರಶ್ನೆ ಕೇಳದವರ ಹತ್ತಿರ ಹೋಗಲೇಬಾರದು.

ಆಮೇಲೆ ನಾನು ಕಾಯುತ್ತಿದ್ದ ಡಯಟ್ ಚಾರ್ಟ್ ಬರಲಿಲ್ಲ. ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೇ ಎಂದರು. ಎಷ್ಟೊತ್ತಿಗೆ ಎದ್ದೆ, ಏನು ತಿಂದೆ, ಎಷ್ಟು ನಿಮಿಷದಲ್ಲಿ ತಿಂದೆ, ಯಾವಾಗ ಉಬ್ಬರ, ಯಾವಾಗ ಶೌಚದ ಒತ್ತಡ ಬಂತು, ಹೋದೆನೋ ತಡೆದೆನೋ. ಆ ಪುಸ್ತಕ ನೋಡಿ ಅವರು ಬೆರಳಿಟ್ಟದ್ದು ಕೊನೆಯ ಕಾಲಂ ಮೇಲೆ. ಒತ್ತಡ ಬರುತ್ತಿದ್ದದ್ದು ಮೊದಲ ಪೀರಿಯಡ್ ನಡುವೆ. ತರಗತಿ ಬಿಟ್ಟು ಹೋಗುವ ಹಾಗಿಲ್ಲ, ಶಿಕ್ಷಕಿಯರಿಗೆಲ್ಲ ಸೇರಿ ಇರುವುದು ಒಂದೇ ಶೌಚಾಲಯ. ತಡೆದ ಮಲ ದೊಡ್ಡ ಕರುಳಿನಲ್ಲೇ ಉಳಿದಾಗ ಅದರ ನೀರು ಹೀರಿಕೊಂಡು ಗಟ್ಟಿಯಾಗುತ್ತದೆ. ದಿನಾ ತಡೆದರೆ ಒತ್ತಡದ ಅರಿವೇ ಮಂಕಾಗುತ್ತದೆ. ಆಯುರ್ವೇದ ತಡೆಯಬಾರದೆಂದು ಹೇಳುವ 13 ವೇಗಗಳಲ್ಲಿ, ಅಂದರೆ ದೇಹದ ಸಹಜ ಒತ್ತಡಗಳಲ್ಲಿ, ಇದೂ ಒಂದು ಎಂದು ನೆನಪಿಸಿದ್ದೂ ಆಕೆಯೇ. ನಮ್ಮ ಕೆಲಸದ ಎಷ್ಟು ಹೆಂಗಸರು ಇದನ್ನು ವರ್ಷಗಟ್ಟಲೆ ಅನುಭವಿಸುತ್ತಿದ್ದಾರೋ! ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ನೀರನ್ನೇ ಕಡಿಮೆ ಮಾಡುವವರನ್ನು ನನ್ನ ಸ್ಟಾಫ್ ರೂಮಿನಲ್ಲೇ ಕಂಡಿದ್ದೇನೆ.

ಹಾಗಾಗಿ ಮೊದಲು ಬದಲಾದದ್ದು ಬೆಳಗಿನ ಹೊತ್ತು. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಿಗ್ಗೆ ಅದು ಇನ್ನೂ ಜೋರು. ನಾನು ತಿಂಡಿ ತಿಂದ ತಕ್ಷಣ ಬಸ್ಸಿಗೆ ಓಡುತ್ತಿದ್ದರಿಂದ ಆ ಒತ್ತಡ ಶಾಲೆಯಲ್ಲಿ ಬರುತ್ತಿತ್ತು. ತಿಂಡಿಯನ್ನು ಮುಕ್ಕಾಲು ಗಂಟೆ ಬೇಗ ಮಾಡಿದೆವು. ತಿಂದು, ಆತುರವಿಲ್ಲದೆ ಶೌಚಾಲಯಕ್ಕೆ. ಕಮೋಡ್ ಇರುವ ಮನೆಯಾದ್ದರಿಂದ ಕಾಲಡಿಗೆ ಒಂದು ಗಿಡ್ಡ ಸ್ಟೂಲ್. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಗುದದ್ವಾರದ ಹತ್ತಿರದ ಸ್ನಾಯು ಸಡಿಲವಾಗಿ ದಾರಿ ನೇರವಾಗುತ್ತದೆ. ಇಷ್ಟಕ್ಕೇ ಮಲಬದ್ಧತೆ ಅರ್ಧ ಇಳಿಯಿತು. ಉಳಿದರ್ಧಕ್ಕೆ ಇಸಬ್ಗೋಲ್, ತುಂಬು ಲೋಟ ನೀರಿನೊಂದಿಗೆ. ಗೋಧಿ ಹೊಟ್ಟು ಬೇಡ ಎಂದರು, ಐಬಿಎಸ್ ಇರುವವರಲ್ಲಿ ಅದು ಉಬ್ಬರ ಹೆಚ್ಚಿಸಬಹುದು.

ಅಡುಗೆಮನೆಯ ಭಾಗ ಕಷ್ಟದ್ದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲೋ ಫಾಡ್‌ಮ್ಯಾಪ್ ಪದ್ಧತಿಯನ್ನು ಆಕೆ ನಮ್ಮ ಊಟಕ್ಕೆ ಹೊಂದಿಸಿದರು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ಮುಂದೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುಳಿದು ಗ್ಯಾಸ್ ಆಗುವ ಸಕ್ಕರೆಗಳನ್ನು 2ರಿಂದ 6 ವಾರ ಕಡಿಮೆ ಮಾಡಿ, ನಂತರ ಒಂದೊಂದನ್ನೇ ವಾಪಸು ತಂದು ಪರೀಕ್ಷಿಸುವ ಕ್ರಮ ಇದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಅವರೆಕಾಯಿ, ಹಾಲು ನಿಂತವು. ಈರುಳ್ಳಿ ಇಲ್ಲದ ಪಲ್ಯಕ್ಕೆ ನಮ್ಮ ಅತ್ತೆ ಒಪ್ಪಲು ಹೊತ್ತು ಹಿಡಿಯಿತು. ಆಗ ಕೋಚ್ ಹೇಳಿಕೊಟ್ಟ ಉಪಾಯ ಇಂದಿಗೂ ನಡೆಯುತ್ತಿದೆ: ಬೆಳ್ಳುಳ್ಳಿಯಲ್ಲಿ ಗ್ಯಾಸ್ ಮಾಡುವ ಆ ಸಕ್ಕರೆ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳನ್ನು ಒಗ್ಗರಣೆ ಎಣ್ಣೆಯಲ್ಲಿ ಬಾಡಿಸಿ ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ಹೊಟ್ಟೆಗೆ ತೊಂದರೆಯಿಲ್ಲ. ಸಾರಿನಲ್ಲಿ ಕುದಿಸಿ ಆಮೇಲೆ ಎತ್ತಿಹಾಕಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಅದು ಸಾರಿಗೆ ಇಳಿದಿರುತ್ತದೆ.

ವಾಪಸು ತರುವ ಹಂತವನ್ನು ಹಲವರು ಬಿಟ್ಟುಬಿಡುತ್ತಾರಂತೆ, ಅಲ್ಲೇ ಇದರ ಜೀವ ಇರುವುದು. ಒಂದು ಪದಾರ್ಥ, ಮೂರು ದಿನ, ಪ್ರಮಾಣ ಹೆಚ್ಚಿಸುತ್ತ ಹೋಗುವುದು. ನನಗೆ ಗೋಧಿ ತೊಂದರೆ ಕೊಡಲಿಲ್ಲ. ತೊಗರಿಬೇಳೆ ಒಂದು ಸೌಟು ಆಗುತ್ತದೆ, ಎರಡು ಆಗುವುದಿಲ್ಲ. ಲೋಟ ಹಾಲು ಆಗದು, ಹುಳಿ ಮಜ್ಜಿಗೆ ಆಗುತ್ತದೆ. ಹಸಿ ಈರುಳ್ಳಿ ಸುರಿದ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ ಸಂಜೆ ತಿಂದರೆ ರಾತ್ರಿಯೆಲ್ಲ ಉಬ್ಬರ. ಈ ಊರಲ್ಲಿದ್ದು ಅದನ್ನು ಬಿಡುವುದು ಬೇಸರದ ಸಂಗತಿಯೇ, ಆದರೂ ಈಗ ಈರುಳ್ಳಿ ಹಾಕಿಸದೆ ಸ್ವಲ್ಪ ತಿನ್ನುತ್ತೇನೆ. ಇಷ್ಟು ನಿಖರವಾಗಿ ನನ್ನ ಹೊಟ್ಟೆ ನನಗೆ ಗೊತ್ತಿರಲಿಲ್ಲ.

ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮುಂಚೆ, ಎಡಮಗ್ಗುಲಲ್ಲಿ ಮಲಗುವುದು, ಮಂಚದ ತಲೆಭಾಗದ ಕಾಲುಗಳಡಿಗೆ ಇಟ್ಟಿಗೆ. ಹುಳಿತೇಗು ಬಹುಪಾಲು ಇದರಿಂದಲೇ ಹೋಯಿತು. ಪರೀಕ್ಷೆ ದಿನಗಳಲ್ಲಿ ಹೊಟ್ಟೆ ಕೆಡುವುದಕ್ಕೆ ದಿನಕ್ಕೆ ಹತ್ತು ನಿಮಿಷ ಹೊಟ್ಟೆಯುಸಿರಾಟ ಹೇಳಿಕೊಟ್ಟರು. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ, ಮಿದುಳಿನೊಂದಿಗೆ ಅವುಗಳ ಮಾತುಕತೆ ಸದಾ ನಡೆಯುತ್ತಿರುತ್ತದೆ ಎಂದು ವಿವರಿಸಿದರು. ‘ಎಲ್ಲ ನಿಮ್ಮ ಮನಸ್ಸಿನದು’ ಎಂದು ಒಮ್ಮೆಯೂ ಹೇಳಲಿಲ್ಲ, ಅದಕ್ಕೆ ನಾನು ಋಣಿ.

ಇನ್ನು ಬೇಡವೆಂದದ್ದು. ಮಧ್ಯದಲ್ಲಿ ಅವರ ಆ್ಯಪ್‌ನಿಂದ ‘ಕರುಳು ಶುದ್ಧಿ’ ಪುಡಿ ಕೊಳ್ಳಿ ಎಂದು ಸಂದೇಶ ಬಂತು. ಲೇಬಲ್ ಓದಿದರೆ ಸೋನಾಮುಖಿ. ಅದು ಬರೀ ಭೇದಿಯ ಔಷಧಿ, ತಿಂಗಳುಗಟ್ಟಲೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂಥದ್ದಲ್ಲ. ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ (ಆ್ಯಂಟಿಬಾಡಿ) ನೋಡಿ ನೂರಾರು ಆಹಾರಗಳ ‘ಅಸಹಿಷ್ಣುತೆ’ ಪಟ್ಟಿ ಕೊಡುವ ದುಬಾರಿ ಪರೀಕ್ಷೆಯನ್ನೂ ಮುಂದಿಟ್ಟರು. ಐಜಿಜಿ ಇದ್ದರೆ ಆ ಆಹಾರ ತಿಂದಿದ್ದೀರಿ ಎಂದಷ್ಟೇ ಅರ್ಥ, ಆಗದು ಎಂದಲ್ಲ ಎಂದು ನನ್ನ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಎರಡನ್ನೂ ನಿರಾಕರಿಸಿದೆ. ಕೋಚ್ ಒತ್ತಾಯಿಸಲಿಲ್ಲ, ಆದರೆ ಇಷ್ಟು ಒಳ್ಳೆಯ ಕೆಲಸದ ಪಕ್ಕದಲ್ಲಿ ಇಂಥ ವ್ಯಾಪಾರ ಇರಬಾರದಿತ್ತು. ಆ್ಯಪ್‌ನಲ್ಲಿ ಕನ್ನಡವೂ ಇಲ್ಲ. ರಾಗಿಮುದ್ದೆ, ಜೋಳದ ರೊಟ್ಟಿಯನ್ನು ಪ್ರತಿಸಲ ನಾನೇ ಟೈಪ್ ಮಾಡಿ ಸೇರಿಸಬೇಕಿತ್ತು.

ಪ್ಯಾಕೇಜ್ ಮುಗಿದು ವರ್ಷದ ಮೇಲಾಯಿತು, ಮುಂದುವರಿಸಿಲ್ಲ. ಉಬ್ಬರ ಈಗಲೂ ಬರುತ್ತದೆ, ಮದುವೆ ಸೀಸನ್ನಿನಲ್ಲಿ ಹೆಚ್ಚು, ಆದರೆ ಯಾಕೆ ಬಂತೆಂದು ಗೊತ್ತಾಗುತ್ತದೆ. ಸೇರುವವರಿಗೆ ಒಂದು ಮಾತು: ಬಹಳ ಕಾಲದಿಂದ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಉತ್ಸಾಹದಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಆಮ್ಲ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ನನ್ನದನ್ನು ಡಾಕ್ಟರೇ ನಿಧಾನವಾಗಿ ಇಳಿಸಿದರು, ಕೋಚ್ ಆ ವಿಷಯದಲ್ಲಿ ಕೈ ಹಾಕಲಿಲ್ಲ.