ಸಾದಾ ಸ್ವೆಟರ್‌ಗೆ ಯಾವ ದಾರ? ಉಣ್ಣೆ, ಅಕ್ರಿಲಿಕ್, ಹತ್ತಿ ಮೂರನ್ನೂ ಹೆಣೆದು ನೋಡಿದೆ

ಸ್ವೆಟರ್ ಹೆಣೆಯುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಯಾವ ಡಿಸೈನ್ ಅಂತ. ನನಗೆ ಡಿಸೈನ್ ಬೇಡವೇ ಬೇಡ. ಜಡೆ ಇಲ್ಲ, ಹೂವಿಲ್ಲ, ಒಂದೇ ಬಣ್ಣ, ಅಂಚಿಗೆ ಮಾತ್ರ ರಿಬ್ (ಹಿಗ್ಗಿ ಕುಗ್ಗುವ ಗೆರೆಗೆರೆ ಹೆಣಿಗೆ), ಉಳಿದದ್ದೆಲ್ಲ ಸಾದಾ ಹೆಣಿಗೆ. ಇಂಥ ಸ್ವೆಟರ್‌ನಲ್ಲಿ ಕಣ್ಣಿಗೆ ಕಾಣುವುದು, ಮೈಗೆ ತಾಕುವುದು ದಾರ ಒಂದೇ. ಅದಕ್ಕೇ ಒಂದೇ ಅಳತೆಯ ಸ್ವೆಟರನ್ನು ಉಣ್ಣೆ, ಅಕ್ರಿಲಿಕ್, ಹತ್ತಿ ಮೂರರಲ್ಲೂ ಹೆಣೆದು, ಹಾಕಿಕೊಂಡು, ಒಗೆದು ನೋಡಿದೆ.

ಮೂರಕ್ಕೂ ಡಿಕೆ ಅನ್ನೋ ಮಧ್ಯಮ ದಪ್ಪದ ದಾರ, 4 ಮಿ.ಮೀ. ಸರ್ಕ್ಯುಲರ್ ಕಡ್ಡಿ (ಎರಡು ತುದಿಗಳ ನಡುವೆ ಬಾಗುವ ತಂತಿ ಇರುವುದು), 10 ಸೆಂ.ಮೀ.ಗೆ ಸುಮಾರು 22 ಕುಣಿಕೆ. ಕತ್ತಿನಿಂದ ಶುರು ಮಾಡಿ ಸುತ್ತುಸುತ್ತಾಗಿ ಕೆಳಕ್ಕೆ ಹೆಣೆಯುವ ರಾಗ್ಲಾನ್, ಅಂದರೆ ತೋಳು ಕತ್ತಿನಿಂದಲೇ ಓರೆಯಾಗಿ ಇಳಿಯುವ ಮಾದರಿ, ಹಾಗಾಗಿ ಕೊನೆಗೆ ಹೊಲಿಯುವ ತಾಪತ್ರಯ ಇಲ್ಲ. ಅಳತೆ ನೋಡಲು ಮಾತ್ರ ನಾನು ಎಲ್ಲರ ಹಾಗೆ ಚೌಕದ ಸ್ಯಾಂಪಲ್ ಹೆಣೆಯುವುದಿಲ್ಲ. ಹಳೆ ಆಟದ ಸಾಮಾನು ಕೂಡಿಡುವುದು ನನ್ನ ಇನ್ನೊಂದು ಹುಚ್ಚು. ಕೀಲಿ ಕೊಟ್ಟರೆ ಓಡುವ ತಗಡಿನ ಕಾರು, ಮರದ ಬುಗುರಿ, ಎಲ್ಲಕ್ಕಿಂತ ಜಾಸ್ತಿ ಟೆಡ್ಡಿ ಕರಡಿಗಳು. ಹೊಸ ದಾರ ಬಂದರೆ ಮೊದಲು ಒಂದು ಕರಡಿಗೆ ಸ್ವೆಟರ್ ಹೆಣೆಯುತ್ತೇನೆ. ಮುದ್ದಾಗಿ ಕಾಣುತ್ತದೆ ನಿಜ, ಆದರೆ ಅದರಿಂದ ಉಪಯೋಗವೂ ಇದೆ. ಚೌಕದಲ್ಲಿ ಒಂದು ಸಾಲು ನಿಟ್ (ಸೀದಾ ಕುಣಿಕೆ), ಒಂದು ಸಾಲು ಪರ್ಲ್ (ಉಲ್ಟಾ ಕುಣಿಕೆ) ಬರುತ್ತದೆ, ತುಂಬಾ ಜನರ ಕೈ ಪರ್ಲ್‌ನಲ್ಲಿ ಸ್ವಲ್ಪ ಸಡಿಲ. ಸುತ್ತಾಗಿ ಹೆಣೆದರೆ ಬರೀ ನಿಟ್, ಆಗ ಲೆಕ್ಕವೇ ಬೇರೆ ಆಗಿಬಿಡುತ್ತದೆ. ಅದಲ್ಲದೆ ಕರಡಿಯ ತಲೆ ಮೈಗಿಂತ ದಪ್ಪ. ಕತ್ತಿನ ಪಟ್ಟಿ ಎಷ್ಟು ಹಿಗ್ಗುತ್ತದೆ, ಮತ್ತೆ ಎಷ್ಟು ಕುಗ್ಗುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಉಣ್ಣೆಯ ಪಟ್ಟಿಯನ್ನು ಕರಡಿಯ ಕಿವಿ ದಾಟಿಸುವಾಗ ಎರಡರಷ್ಟು ಅಗಲಕ್ಕೆ ಎಳೆದೆ. ಕೈಬಿಟ್ಟ ಕೂಡಲೇ ಗಂಟಲಿಗೆ ಸರಿಯಾಗಿ ಕೂತಿತು. ಉಣ್ಣೆಯ ಎಳೆಯಲ್ಲಿ ಹುಟ್ಟಿನಿಂದಲೇ ಸುರುಳಿ ಇದೆ, ಅದೇ ಸ್ಪ್ರಿಂಗ್ ಥರ ವಾಪಸ್ ಎಳೆದುಕೊಳ್ಳುತ್ತದೆ. ಆ ಸುರುಳಿಗಳ ನಡುವೆ ಗಾಳಿ ನಿಲ್ಲುವುದರಿಂದಲೇ ಬೆಚ್ಚಗೂ ಇರುತ್ತದೆ. ತನ್ನ ತೂಕದ ಸುಮಾರು 30% ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ಬೆವರಿನ ವಾಸನೆಯೂ ಬೇಗ ಹಿಡಿಯುವುದಿಲ್ಲ, ಗಾಳಿಗೆ ಹಾಕಿದರೆ ಸಾಕು, ಪದೇ ಪದೇ ಒಗೆಯಬೇಕಿಲ್ಲ. ನನಗೆ ತುಂಬಾ ಇಷ್ಟವಾಗಿದ್ದು ಮೊದಲ ಸಲ ನೀರಲ್ಲಿ ನೆನೆಸಿ ಹರಡಿ ಒಣಗಿಸಿದಾಗ. ಎಳೆಗಳು ಅರಳಿ, ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡಿಲ ಇದ್ದ ಕುಣಿಕೆಗಳೆಲ್ಲ ತಾವಾಗೇ ಒಂದಕ್ಕೊಂದು ಹೊಂದಿಕೊಂಡುಬಿಟ್ಟವು. ಸಾದಾ ಹೆಣಿಗೆಗೆ ಇದಕ್ಕಿಂತ ಇನ್ನೇನು ಬೇಕು?

ತೊಂದರೆಯೂ ಇದೆ. ಎಳೆ 30 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಚುಚ್ಚುತ್ತದೆ. ಕತ್ತಿಗೆ ತಾಗುವ ಸ್ವೆಟರ್‌ಗೆ ಮೆರಿನೊ ಕುರಿಯ ಉಣ್ಣೆಯ ಥರದ ಸಣ್ಣ ಎಳೆಯದೇ ಬೇಕು. ಬಿಸಿ ನೀರಲ್ಲಿ ಹಾಕಿ ಉಜ್ಜಿದರಂತೂ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಸರಿ ಹೋಗುವುದಿಲ್ಲ. ಮಷೀನ್‌ನಲ್ಲಿ ಒಗೆಯಲು ಆಗುವಂತೆ ಸಂಸ್ಕರಿಸಿದ ಸೂಪರ್‌ವಾಶ್ ಉಣ್ಣೆಗೆ ಈ ಕಾಟ ಇಲ್ಲ. ಅದು ಒದ್ದೆಯಾದಾಗ ಉದ್ದ ಎಳೆದುಕೊಳ್ಳುತ್ತದೆ, ಅಷ್ಟೇ.

ಅಕ್ರಿಲಿಕ್ ಬಗ್ಗೆ ಮೂಗು ಮುರಿಯುವವರು ಜಾಸ್ತಿ, ನಾನು ಆ ಗುಂಪಿನವನಲ್ಲ. ಇದು ಪೆಟ್ರೋಲಿಯಂನಿಂದ ಬಂದ ಎಳೆ. ಡ್ಯುಪಾಂಟ್ ಕಂಪನಿ 1950ರಲ್ಲಿ ಓರ್ಲಾನ್ ಅನ್ನೋ ಹೆಸರಲ್ಲಿ ದೊಡ್ಡ ಮಟ್ಟದಲ್ಲಿ ತಯಾರಿಸಲು ಶುರು ಮಾಡಿತು. ಹಗುರ, ಬಣ್ಣ ಹೋಗುವುದಿಲ್ಲ, ಮಷೀನ್‌ಗೆ ಹಾಕಬಹುದು. ದಿನಾ ಕೊಳೆ ಮಾಡಿಕೊಳ್ಳುವ ಮಕ್ಕಳಿಗೆ ಬೇರೆ ಯಾವುದನ್ನೂ ಹೆಣೆಯಬೇಡಿ ಅಂತಲೇ ಹೇಳುತ್ತೇನೆ. ಬೆಂಕಿಯ ಹತ್ತಿರ ಮಾತ್ರ ಬಿಡಬೇಡಿ, ಇದು ಕರಗಿ ಮೈಗೆ ಅಂಟುತ್ತದೆ. ದೊಡ್ಡವರ ಮೈಯಲ್ಲಿ ಇದರ ಗುಣ ಬೇರೆ. ನಡೆದಾಡಿದರೆ ಒಳಗೇ ಬೆವರು ನಿಲ್ಲುತ್ತದೆ, ಕಂಕುಳ ಹತ್ತಿರ ಸಣ್ಣ ಸಣ್ಣ ಉಂಡೆ ಏಳುತ್ತವೆ. ಹಬೆ ಇಸ್ತ್ರಿ ತಾಗಿದರೆ ಹೆಣಿಗೆಯ ಜೀವವೇ ಹೋಗಿ ಜೋತುಬೀಳುತ್ತದೆ. ಕರಡಿಯ ಕತ್ತಿನ ಪಟ್ಟಿ ಇದರಲ್ಲಿ ಪರವಾಗಿಲ್ಲ ಅನ್ನುವಷ್ಟು ವಾಪಸ್ ಬಂತು.

ಹತ್ತಿಯದು ಬರಲೇ ಇಲ್ಲ. ಕಿವಿ ದಾಟಿಸಲು ಎಳೆದ ಪಟ್ಟಿ ಹಾಗೇ ಅಗಲವಾಗಿ ಭುಜದ ಮೇಲೆ ಬಿದ್ದುಕೊಂಡಿತು. ದೊಡ್ಡ ಸ್ವೆಟರ್‌ನಲ್ಲಿ ಇದರ ಪರಿಣಾಮ ಇನ್ನೂ ಜೋರು, ಯಾಕೆಂದರೆ ಹತ್ತಿ ಭಾರ. ಸಂಜೆ ಹೊತ್ತಿಗೆ ತೋಳು ಬೆರಳಿನವರೆಗೆ ಇಳಿದಿರುತ್ತದೆ. ಎಳೆಗೆ ಹಿಗ್ಗುವ ಗುಣ ಇಲ್ಲದ್ದರಿಂದ ಹೆಣೆಯುವಾಗ ಬೆರಳೂ ನೋಯುತ್ತದೆ, ಒಂದು ಕುಣಿಕೆ ಸಡಿಲವಾದರೂ ಎದ್ದು ಕಾಣುತ್ತದೆ. ಆದರೂ ಮೈಗೆ ತಾಗುವಾಗ ಇದರ ತಂಪು, ನುಣುಪು ಉಳಿದೆರಡಕ್ಕೂ ಇಲ್ಲ ಬಿಡಿ. ಉಣ್ಣೆ ಚುಚ್ಚುವವರಿಗೆ, ಸಣ್ಣ ಚಳಿಗೆ, ತೋಳಿಲ್ಲದ ಸ್ವೆಟರ್ ಮಾಡಿಕೊಂಡರೆ ಚೆನ್ನಾಗಿರುತ್ತದೆ.

ನನ್ನ ಮೈಗಾದರೆ ಎರಡನೇ ಮಾತಿಲ್ಲದೆ ಉಣ್ಣೆ. ಕಪಾಟಿನಲ್ಲಿ ಕೂರುವ ಕರಡಿಗೆ ಮಾತ್ರ ಹತ್ತಿಯೇ ಸರಿ, ಮೂರರಲ್ಲಿ ಸೋತದ್ದು ಇಲ್ಲಿ ಗೆಲ್ಲುತ್ತದೆ. ಕರಡಿ ನಡೆಯುವುದಿಲ್ಲ, ಕೈ ಎತ್ತುವುದಿಲ್ಲ, ಹಾಗಾಗಿ ಜೋತುಬೀಳುವ ಪ್ರಶ್ನೆಯೇ ಇಲ್ಲ. ಕತ್ತಿನ ಹಿಂದೆ ಸೀಳು ಬಿಟ್ಟು ಒಂದು ಗುಂಡಿ ಇಟ್ಟರೆ ಎಳೆಯುವುದೂ ಬೇಡ. ಮುಖ್ಯ ಕಾರಣ ಹುಳು. 1902-03ರ ಮೊದಲ ಟೆಡ್ಡಿಗಳಿಂದ ಹಿಡಿದು ಎಷ್ಟೋ ಹಳೆ ಕರಡಿಗಳ ಮೈ ಮೊಹೇರ್, ಅಂದರೆ ಅಂಗೋರಾ ಆಡಿನ ಕೂದಲು. ಉಣ್ಣೆಯೂ ಮೊಹೇರೂ ಎರಡೂ ಕೆರಾಟಿನ್, ಅಂದರೆ ಕೂದಲು, ಉಗುರಿನಲ್ಲಿರುವ ಪ್ರೋಟೀನ್. ಬಟ್ಟೆ ಪತಂಗದ ಮರಿಹುಳು ತಿನ್ನುವುದು ಅದನ್ನೇ. ಸ್ವೆಟರ್‌ನಲ್ಲಿ ಶುರುವಾದದ್ದು ಕರಡಿಗೆ ಹಬ್ಬಲು ಹೊತ್ತು ಬೇಕಿಲ್ಲ. ಒಳಗೆ ಮರದ ತೆಳು ಎಳೆ ತುಂಬಿದ ಕರಡಿಯನ್ನು ಒಗೆಯುವ ಹಾಗೂ ಇಲ್ಲ. ಹತ್ತಿ ಸ್ವೆಟರ್ ಆದರೆ ಧೂಳನ್ನು ತಾನು ಹಿಡಿದುಕೊಳ್ಳುತ್ತದೆ, ಬಿಚ್ಚಿ ಒಗೆದು ಮತ್ತೆ ಹಾಕಬಹುದು.

ನಿಮ್ಮ ಕರಡಿಗೆ ಈಗಾಗಲೇ ಉಣ್ಣೆ ಸ್ವೆಟರ್ ಹಾಕಿದ್ದರೆ ಒಮ್ಮೆ ಬಿಚ್ಚಿ ಕಂಕುಳ, ಅಂಚಿನ ಮಡಿಕೆ ನೋಡಿ. ಅಕ್ಕಿ ಕಾಳಿನಷ್ಟು ಬಿಳಿ ಹುಳುವೋ ಬಲೆಯಂಥ ಪೊರೆಯೋ ಕಂಡರೆ ಸ್ವೆಟರನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ -18 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಪೂರ್ತಿ ಮಾಮೂಲಿ ಬಿಸಿಗೆ ಬರುವವರೆಗೂ ಬಿಚ್ಚಬೇಡಿ, ಇಲ್ಲದಿದ್ದರೆ ಒಳಗೆ ನೀರು ಹನಿಯುತ್ತದೆ.