ಡಿ'ಸೋಜ ಹುಡುಕಿದರೆ ಬಿಳಿ ಪೇಜ್: ಮೈಎಸ್‌ಕ್ಯೂಎಲ್‌ಐ, ಪಿಡಿಒ ಎರಡನ್ನೂ ಹಾಕಿ ನೋಡಿದೆ

ಮಂಗಳೂರು ಕಡೆಯ ಒಂದು ಚಿಕ್ಕ ಲೈಬ್ರರಿಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಪೇಜ್ ಬರೆದ ಭಾಷೆ ಪಿಎಚ್‌ಪಿ, ಮಾಹಿತಿ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್, ನಾಲ್ಕೈದು ಪೇಜ್, ಅಷ್ಟೇ. ಒಂದು ದಿನ ಅಲ್ಲಿನ ಲೈಬ್ರೇರಿಯನ್ ಮೇಡಂ ಫೋನ್ ಮಾಡಿದರು. "ಪಿಂಟೋ ಅಂತ ಹಾಕಿದ್ರೆ ಸರಿ ಬರ್ತದೆ. ಡಿ'ಸೋಜ ಅಂತ ಹಾಕಿದ್ರೆ ಪೇಜೇ ಬಿಳಿ ಆಗ್ತದೆ ಮಾರಾಯ್ರೇ."

ಕೋಡ್ ತೆಗೆದು ನೋಡಿದೆ. ಮೊದಲು ಬರೆದವರು ಹುಡುಕುವ ಹೆಸರನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಗೆ) ಪಿಎಚ್‌ಪಿಯಲ್ಲಿ ಪಠ್ಯ ಜೋಡಿಸುವ ಚುಕ್ಕಿ ಹಾಕಿ ಜೋಡಿಸಿದ್ದರು. ಹೆಸರಿನ ಸುತ್ತ ಒಂಟಿ ಕೊಟೇಶನ್ ಇದೆ. ಡಿ'ಸೋಜ ಹೆಸರಿನೊಳಗೂ ಅದೇ ಚಿಹ್ನೆ ಇದೆ. ಡಿ ಆದ ಕೂಡಲೇ ಹೆಸರು ಮುಗಿಯಿತು ಅಂತ ಮೈಎಸ್‌ಕ್ಯೂಎಲ್ ತಿಳಿದುಕೊಳ್ಳುತ್ತದೆ. ಉಳಿದ ‘ಸೋಜ’ ಅದಕ್ಕೆ ಅರ್ಥವಾಗದ ಪದ, 1064 ನಂಬರಿನ ಎರರ್. ಎರರ್ ತೋರಿಸುವುದನ್ನು ಆಫ್ ಮಾಡಿದ್ದರಿಂದ ಬಿಳಿ ಪೇಜ್. ಹೆಸರಿನ ಬದಲು ಯಾರಾದರೂ ಕಿಡಿಗೇಡಿತನದಿಂದ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ತುಂಡನ್ನೇ ತುಂಬಿಸಿದ್ದರೆ ಇಡೀ ಸದಸ್ಯರ ಪಟ್ಟಿ ಹೊರಗೆ ಹೋಗುತ್ತಿತ್ತು.

ಅದರಲ್ಲಿದ್ದದ್ದು ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು. 2013ರ ಪಿಎಚ್‌ಪಿ 5.5ರಲ್ಲೇ ಇವನ್ನು ಬಿಡಿ ಅಂತ ಹೇಳಿದ್ದರು, 2015ರ ಕೊನೆಗೆ ಬಂದ 7.0ರಲ್ಲಿ ತೆಗೆದೇ ಹಾಕಿದರು. ಹೇಗೂ ಹೊಸದಾಗಿ ಬರೆಯಲೇಬೇಕಿತ್ತು. ಸರ್ವರನ್ನು ಪಿಎಚ್‌ಪಿ 7.4ಕ್ಕೆ ತಂದು, ಅದೇ ಹುಡುಕುವ ಪೇಜನ್ನು ಒಮ್ಮೆ ಮೈಎಸ್‌ಕ್ಯೂಎಲ್‌ಐನಲ್ಲಿ, ಒಮ್ಮೆ ಪಿಡಿಒನಲ್ಲಿ ಬರೆದೆ. ಪಿಎಚ್‌ಪಿಯಿಂದ ಮೈಎಸ್‌ಕ್ಯೂಎಲ್ ಜೊತೆ ಮಾತಾಡಲು ಇರುವ ಎರಡು ದಾರಿ ಇವು. ಯಾವುದು ಬರೆಯಲು ಸುಲಭ ಅನ್ನುವುದಕ್ಕಿಂತ ಕೆಟ್ಟಾಗ ಯಾವುದು ಬಾಯಿ ಬಿಡುತ್ತದೆ ಅನ್ನುವುದು ನನಗೆ ಮುಖ್ಯವಾಗಿತ್ತು.

ಹಳೆಯ ಪದ್ಧತಿಗೂ ಒಂದು ಒಳ್ಳೆಯ ಗುಣ ಇತ್ತು, ಅದನ್ನು ಹೇಳಲೇಬೇಕು. ಕ್ವೆರಿ ಪೂರ್ತಿ ಒಂದೇ ಸಾಲಾಗಿ ಕೈಗೆ ಸಿಗುತ್ತಿತ್ತು. ಎಕೋ ಮಾಡಿ (ಪೇಜಿನ ಮೇಲೆ ಮುದ್ರಿಸಿ), ಕಾಪಿ ಮಾಡಿ, ಪಿಎಚ್‌ಪಿ ಮೈ ಅಡ್ಮಿನ್ ಎಂಬ ಡೇಟಾಬೇಸ್ ಟೂಲ್‌ನಲ್ಲಿ ಹಾಕಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಪ್ಯಾರಾಮೀಟರ್ ಬಳಸಿದರೆ, ಅಂದರೆ ಕ್ವೆರಿಯಲ್ಲಿ ಒಂದು ಗುರುತು (ಪ್ಲೇಸ್‌ಹೋಲ್ಡರ್) ಇಟ್ಟು ಹೆಸರು, ನಂಬರ್‌ನಂಥ ಬೆಲೆಯನ್ನು ಆಮೇಲೆ ಕೊಟ್ಟರೆ, ಕ್ವೆರಿ ಬೇರೆ, ಬೆಲೆ ಬೇರೆ. ಎಕೋ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಅದರ ಜಾಗಕ್ಕೆ ನಿಜವಾಗಿ ಏನು ಹೋಯಿತು ಅನ್ನುವುದೇ ಇಲ್ಲಿನ ಕಷ್ಟ.

ಮೊದಲು ಮೈಎಸ್‌ಕ್ಯೂಎಲ್‌ಐ. ಇದರಲ್ಲಿ ಬೆಲೆ ಕೊಡುವ ಬೈಂಡ್ ಪ್ಯಾರಮ್ ಫಂಕ್ಷನ್‌ಗೆ ಬೆಲೆಗಳ ಜೊತೆ ಅವು ಯಾವ ಜಾತಿ (ಟೈಪ್) ಅಂತಲೂ ಹೇಳಬೇಕು. ಪೂರ್ಣಾಂಕಕ್ಕೆ ‘ಐ’, ಪಠ್ಯಕ್ಕೆ ‘ಎಸ್’. ಡಿ'ಸೋಜ ತಕ್ಷಣ ಸರಿಹೋಯಿತು. ಆಮೇಲೆ ಸದಸ್ಯತ್ವ ನಂಬರಿನಿಂದ ಹುಡುಕುವ ಜಾಗಕ್ಕೆ ಬಂದೆ. ನಂಬರ್ ಅಲ್ವಾ ಅಂತ ‘ಐ’ ಹಾಕಿದೆ. ಯಾವ ನಂಬರ್ ಕೊಟ್ಟರೂ ಒಬ್ಬರೇ ಸದಸ್ಯರ ಕಾರ್ಡ್ ಬರತೊಡಗಿತು! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಪೇಜ್ ಚೆನ್ನಾಗಿಯೇ ಕಾಣುತ್ತಿದೆ, ಮಾಹಿತಿ ಮಾತ್ರ ಬೇರೆಯವರದು.

ಅರ್ಧ ದಿನ ಇದಕ್ಕೇ ಹೋಯಿತು. ಆ ಲೈಬ್ರರಿಯ ನಂಬರ್‌ಗಳು ‘ಎ-1023’, ‘ಬಿ-0457’ ಈ ತರ. ‘ಐ’ ಅಂದ ಕೂಡಲೇ ಪಿಎಚ್‌ಪಿ ಅದನ್ನು ಪೂರ್ಣಾಂಕ ಮಾಡುತ್ತದೆ. ಮೊದಲ ಅಕ್ಷರವೇ ಅಂಕಿಯಲ್ಲ, ಹಾಗಾಗಿ ಸೊನ್ನೆ. ಆ ಕಡೆ ಟೇಬಲ್‌ನ ಕಾಲಂ ವಾರ್‌ಚಾರ್, ಅಂದರೆ ಪಠ್ಯ. ಪಠ್ಯವನ್ನು ಸಂಖ್ಯೆ ಜೊತೆ ಹೋಲಿಸುವಾಗ ಮೈಎಸ್‌ಕ್ಯೂಎಲ್ ಪಠ್ಯವನ್ನೂ ಸಂಖ್ಯೆ ಮಾಡಿಕೊಳ್ಳುತ್ತದೆ. ಅಕ್ಷರದಿಂದ ಶುರುವಾಗುವ ಪ್ರತಿ ನಂಬರೂ ಅಲ್ಲಿ ಸೊನ್ನೆ. ಸೊನ್ನೆಗೆ ಸೊನ್ನೆ ಸಮ. ಎಲ್ಲರೂ ಹೊಂದಿಕೆಯಾದರು, ನನ್ನ ಕೋಡ್ ಮೊದಲನೆಯವರನ್ನು ತೋರಿಸಿತು. ‘ಎಸ್’ ಮಾಡಿದೆ, ಸರಿಯಾಯಿತು. ಪಿನ್‌ಕೋಡ್, ಫೋನ್ ನಂಬರ್, ರಿಜಿಸ್ಟರ್ ನಂಬರ್ ಯಾವುದೇ ಇರಲಿ, ಕೂಡಿ ಕಳೆಯುವ ಲೆಕ್ಕಕ್ಕೆ ಬಾರದ ನಂಬರ್‌ಗೆ ಈಗ ನಾನು ‘ಐ’ ಹಾಕುವುದೇ ಇಲ್ಲ.

ಮೈಎಸ್‌ಕ್ಯೂಎಲ್‌ಐನ ಇನ್ನೊಂದು ತೊಂದರೆ ಮೌನ. 7.4ರಲ್ಲಿ ಕ್ವೆರಿಯಲ್ಲಿ ಕಾಲಂ ಹೆಸರು ತಪ್ಪಿದರೆ ಕ್ವೆರಿ ಸಿದ್ಧಮಾಡುವ ಪ್ರಿಪೇರ್ ಫಂಕ್ಷನ್ ಸುಮ್ನೆ ‘ಫಾಲ್ಸ್’ ಕೊಡುತ್ತದೆ. ಎರರ್ ಬರುವುದು ಮುಂದಿನ ಸಾಲಿನಲ್ಲಿ, ಬೈಂಡ್ ಪ್ಯಾರಮ್ ಕರೆದಾಗ. ಹೊಸಬರು ಬೈಂಡ್ ಸಾಲನ್ನೇ ತಿದ್ದುತ್ತಾ ಕೂರುತ್ತಾರೆ, ತಪ್ಪಿರುವುದು ಅದರ ಮೇಲಿನ ಸಾಲಿನಲ್ಲಿ. ಎರರ್ ತಿಳಿಸುವ ಮೈಎಸ್‌ಕ್ಯೂಎಲ್‌ಐ ರಿಪೋರ್ಟ್ ಸೆಟ್ಟಿಂಗ್‌ನಲ್ಲಿ ಎರರ್, ಸ್ಟ್ರಿಕ್ಟ್ ಎರಡನ್ನೂ ಆನ್ ಮಾಡಿದ ಮೇಲೆ ಈ ಗೋಳು ತಪ್ಪಿತು. 2021ರ ಪಿಎಚ್‌ಪಿ 8.1ರಿಂದ ಅದು ತಾನಾಗಿಯೇ ಆನ್ ಇರುತ್ತದೆ.

ಇನ್ನು ಪಿಡಿಒ. ಹೆಸರಿಟ್ಟ ಪ್ಲೇಸ್‌ಹೋಲ್ಡರ್ ಇರುವುದರಿಂದ ಓದಲು ತುಂಬಾ ಹಿತ. ಆರು ಪ್ರಶ್ನಾರ್ಥಕ ಚಿಹ್ನೆ ಎಣಿಸಿ ಆರು ಬೆಲೆ ಸಾಲಾಗಿ ಇಡುವ ಬದಲು, ‘:ಹೆಸರು’, ‘:ಊರು’ ಅಂತ ಬರೆದು (ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ) ಬೆಲೆಗಳ ಅರೇ (ಪಟ್ಟಿ) ಕೊಟ್ಟರೆ ಆಯಿತು. ಜಾತಿ ಹೇಳಬೇಕಾಗಿಲ್ಲ. ಎಲ್ಲವೂ ಪಠ್ಯವಾಗಿ ಹೋಗುತ್ತದೆ, ಹಾಗಾಗಿ ‘ಎ-1023’ರ ಗೊಂದಲ ಇಲ್ಲಿ ಬರಲೇ ಇಲ್ಲ.

ಆದರೆ ಅದೇ ಗುಣ ಬೇರೆ ಕಡೆ ಕೈಕೊಟ್ಟಿತು. ಪೇಜಿಗೆ ಹತ್ತು ಸದಸ್ಯರು ಅಂತ ಲಿಮಿಟ್‌ಗೆ (ಕ್ವೆರಿಯಲ್ಲಿ ಎಷ್ಟು ಸಾಲು ಬೇಕು ಅನ್ನುವ ಭಾಗಕ್ಕೆ) ಪ್ಯಾರಾಮೀಟರ್ ಕೊಟ್ಟೆ. 1064 ಎರರ್. ಸಂದೇಶವನ್ನು ನಿಧಾನವಾಗಿ ಓದಿದರೆ ಉತ್ತರ ಅಲ್ಲೇ ಇದೆ. 10 ಅನ್ನುವುದರ ಎರಡೂ ಕಡೆ ಕೊಟೇಶನ್ ಇತ್ತು. ಮೈಎಸ್‌ಕ್ಯೂಎಲ್ ಜೊತೆ ಪಿಡಿಒ ಮೊದಲಿಂದಲೇ ಎಮ್ಯುಲೇಶನ್ ಆನ್ ಇಟ್ಟುಕೊಂಡಿರುತ್ತದೆ. ಅಂದರೆ ಬೆಲೆಯನ್ನು ತಾನೇ ಕೊಟೇಶನ್ ಹಾಕಿ ಕ್ವೆರಿಗೆ ಸೇರಿಸಿ ಕಳಿಸುತ್ತದೆ. ಲಿಮಿಟ್‌ಗೆ ಕೊಟೇಶನ್ ಇರುವ ಸಂಖ್ಯೆ ನಡೆಯಲ್ಲ. ಬೈಂಡ್ ವ್ಯಾಲ್ಯೂನಲ್ಲಿ ಪೂರ್ಣಾಂಕ ಅಂತ ಹೇಳಬಹುದು, ಇಲ್ಲವೇ ಎಮ್ಯುಲೇಶನ್ ಆಫ್ ಮಾಡಬಹುದು. ನಾನು ಆಫ್ ಮಾಡಿದೆ.

ಆಫ್ ಮಾಡಿದ ಮರುಕ್ಷಣ ಪುಸ್ತಕ ಹುಡುಕುವ ಪೇಜ್ ಬಿತ್ತು. ಎಚ್‌ವೈ093 ಎರರ್, ಪ್ಯಾರಾಮೀಟರ್ ಲೆಕ್ಕ ಸರಿಯಿಲ್ಲ. ಅಲ್ಲಿ ‘:ಪದ’ ಅನ್ನುವ ಒಂದೇ ಹೆಸರನ್ನು ಪುಸ್ತಕದ ಹೆಸರಿಗೂ ಲೇಖಕರ ಹೆಸರಿಗೂ ಎರಡು ಸಲ ಬಳಸಿದ್ದೆ. ಎಮ್ಯುಲೇಶನ್ ಇದ್ದಾಗ ಅದು ನಡೆಯುತ್ತದೆ, ಇಲ್ಲದಿದ್ದಾಗ ನಡೆಯಲ್ಲ. ‘:ಪದ1’, ‘:ಪದ2’ ಮಾಡಿದೆ. ಪದದ ತುಂಡಿನಿಂದ ಹುಡುಕುವ ಲೈಕ್ ಒಳಗೆ ಶೇಕಡಾ ಚಿಹ್ನೆ ಜೊತೆ ಪ್ಲೇಸ್‌ಹೋಲ್ಡರ್ ಅನ್ನೂ ಕೊಟೇಶನ್ ಒಳಗೆ ಇಟ್ಟರೆ ಇದೇ ಎಚ್‌ವೈ093 ಬರುತ್ತದೆ. ಶೇಕಡಾ ಚಿಹ್ನೆಯನ್ನು ಬೆಲೆಗೇ ಸೇರಿಸಿ ಕಳಿಸಬೇಕು.

ಎರಡೂ ಸೋತ ಜಾಗಗಳೂ ಇವೆ. ಹಲವು ಬೆಲೆಗಳಲ್ಲಿ ಯಾವುದಾದರೂ ಸರಿ ಅನ್ನುವ ‘ಇನ್’ ಒಳಗೆ ಒಂದೇ ಪ್ಲೇಸ್‌ಹೋಲ್ಡರ್ ಇಟ್ಟು ‘3,7,12’ ಕೊಟ್ಟರೆ ಎರರ್ ಇಲ್ಲದೆ 3 ಮಾತ್ರ ಸಿಗುತ್ತದೆ. ಎಷ್ಟು ಬೆಲೆಯೋ ಅಷ್ಟು ಚಿಹ್ನೆ ಬೇಕು. ಫಲಿತಾಂಶವನ್ನು ಕ್ರಮವಾಗಿ ಜೋಡಿಸುವ ಆರ್ಡರ್ ಬೈಗೆ ಕಾಲಂ ಹೆಸರನ್ನು ಪ್ಯಾರಾಮೀಟರ್ ಮಾಡಿದರೆ ಅದು ಬರೀ ಪಠ್ಯ, ಜೋಡಣೆಯೇ ಆಗಲ್ಲ. ಅದಕ್ಕೆ ಅನುಮತಿಸಿದ ಹೆಸರುಗಳ ಪಟ್ಟಿ ಇಟ್ಟು, ಅದರಿಂದಲೇ ಆರಿಸಿ ಕ್ವೆರಿಗೆ ಹಾಕುತ್ತೇನೆ.

ಕನ್ನಡ ಪುಸ್ತಕಗಳ ವಿಷಯಕ್ಕೆ ಬಂದರೆ, ಕೋಡ್ ಪೂರ್ತಿ ಸರಿಯಿದ್ದೂ ಖಾಲಿ ಫಲಿತಾಂಶ ಬಂದರೆ ಕನೆಕ್ಷನ್‌ನ ಅಕ್ಷರ ಸೆಟ್ ನೋಡಿ. ಕನೆಕ್ಷನ್ ಕನ್ನಡ ಅಕ್ಷರಗಳಿಲ್ಲದ ಲ್ಯಾಟಿನ್1 ಆಗಿದ್ದರೆ ಕನ್ನಡದ ಪದ ಟೇಬಲ್‌ನ ಪದಕ್ಕೆ ಹೊಂದುವುದೇ ಇಲ್ಲ. ಮೈಎಸ್‌ಕ್ಯೂಎಲ್‌ಐನಲ್ಲಿ ಸೆಟ್ ಚಾರ್‌ಸೆಟ್ ಅಂತ ಬೇರೆ ಸಾಲು ಬರೆಯಬೇಕು, ನಾನು ಒಂದು ಪೇಜಿನಲ್ಲಿ ಅದನ್ನು ಮರೆತಿದ್ದೆ. ಪಿಡಿಒನಲ್ಲಿ ಕನೆಕ್ಷನ್ ಸಾಲಿನಲ್ಲೇ ಕನ್ನಡ ಹಿಡಿಸುವ ಯುಟಿಎಫ್8ಎಂಬಿ4 ಅಂತ ಬರೆದರೆ ಸಾಕು.

ಕೊನೆಗೆ ಪಿಡಿಒ ಉಳಿಸಿಕೊಂಡೆ. ಎಮ್ಯುಲೇಶನ್ ಆಫ್, ಎರರ್ ಮೋಡ್ ಎಕ್ಸೆಪ್ಶನ್ (ತಪ್ಪಾದ ಕೂಡಲೇ ನಿಂತು ಹೇಳುವುದು). 8.0ಗಿಂತ ಹಳೆಯ ಪಿಎಚ್‌ಪಿಯಲ್ಲಿ ಎಕ್ಸೆಪ್ಶನ್ ಅನ್ನು ನೀವೇ ಹೇಳಬೇಕು. ಮೈಎಸ್‌ಕ್ಯೂಎಲ್‌ಐ ಕೆಟ್ಟದ್ದಂತಲ್ಲ. 8.1ರಿಂದ ಅದೂ ಕ್ವೆರಿ ಓಡಿಸುವ ಎಕ್ಸಿಕ್ಯೂಟ್‌ಗೇ ಅರೇ ತೆಗೆದುಕೊಳ್ಳುತ್ತದೆ, ಜಾತಿ ಅಕ್ಷರದ ಕಾಟ ಇಲ್ಲ. ಆದರೂ ಎಂಟು ಖಾನೆ ಇರುವ ಫಾರ್ಮ್ ತಿದ್ದುವಾಗ ಹೆಸರಿಟ್ಟ ಪ್ಲೇಸ್‌ಹೋಲ್ಡರ್‌ನಷ್ಟು ಅನುಕೂಲ ಬೇರೆ ಇಲ್ಲ.

ಆ ಸೊನ್ನೆಯನ್ನು ಹಿಡಿದುಕೊಟ್ಟದ್ದು ಮೈಎಸ್‌ಕ್ಯೂಎಲ್‌ನ ಜನರಲ್ ಲಾಗ್, ಅಂದರೆ ಬಂದ ಪ್ರತಿ ಕ್ವೆರಿಯನ್ನೂ ಬರೆದಿಡುವ ಫೈಲ್. ಅದನ್ನು ಆನ್ ಮಾಡಿ ಒಂದು ಸಲ ಹುಡುಕಿದರೆ ಎರಡು ಸಾಲು ಕಾಣುತ್ತದೆ: ಪ್ರಿಪೇರ್ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಎಕ್ಸಿಕ್ಯೂಟ್ ಸಾಲಿನಲ್ಲಿ ಅದರ ಜಾಗಕ್ಕೆ ಬಂದ ಬೆಲೆ. ನನ್ನ ಸಾಲಿನಲ್ಲಿ ‘ಎ-1023’ ಇರಬೇಕಾದ ಕಡೆ 0 ಇತ್ತು. ಇದನ್ನು ಟೆಸ್ಟ್ ಸರ್ವರ್‌ನಲ್ಲೇ ಮಾಡಿ. ನೋಡಿದ ತಕ್ಷಣ ಆಫ್ ಮಾಡಿ, ಫೈಲ್ ಅಳಿಸಿ. ಬೇಗ ಡಿಸ್ಕ್ ತುಂಬುತ್ತದೆ, ಮತ್ತೆ ಜನರ ಹೆಸರು, ಫೋನ್ ನಂಬರ್ ಎಲ್ಲ ಅದರಲ್ಲಿ ಹಾಗೆಯೇ ಉಳಿದಿರುತ್ತದೆ.